ಸಿಟ್ಟು ಬರುವುದು, ಸಿಟ್ಟು ಇಟ್ಟುಕೊಳ್ಳುವುದು

ಆ್ಯಂಗರ್, ರೇಜ್, ಫ್ಯೂರಿ, ರಾತ್, ಇಂಡಿಗ್ನೇಷನ್, ಔಟ್‌ರೇಜ್, ರಿಸೆಂಟ್‌ಮೆಂಟ್ ಎಂಬ ಇಂಗ್ಲಿಷ್ ಪದಗಳು ಶಿವಮೊಗ್ಗ ಮತ್ತು ಭದ್ರಾವತಿಯ ಕಾಲೇಜುಗಳಲ್ಲಿಯೂ ಬ್ಯಾಂಕು, ರೈಲ್ವೆ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವ ತರಬೇತಿ ಕೇಂದ್ರಗಳಲ್ಲಿಯೂ ಸಾಮಾನ್ಯವಾಗಿ ಸಮಾನಾರ್ಥಕಗಳ ಒಂದೇ ಪಟ್ಟಿಯೊಳಗೆ ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತವೆ. ಪಟ್ಟಿಯ ಎದುರಿನ ಅಂಕಣದಲ್ಲಿ ಕೋಪ, ಕಡುಕೋಪ, ಉಗ್ರಕೋಪ, ಮಹಾಕೋಪ ಎಂದು ಒಂದೇ ಪದಕ್ಕೆ ವಿಶೇಷಣ ಹಚ್ಚಿ ಬರೆದುಕೊಳ್ಳುವುದು ರೂಢಿ. ಒಂದೇ ಭಾವವು ಕಾವೇರುತ್ತ ಹೋದಂತೆ ಅದರ ಹೆಸರು ಬದಲಾಗುತ್ತದೆ ಎಂಬ ನಂಬಿಕೆ ಈ ರೂಢಿಯ ಹಿಂದಿದೆ, ಮತ್ತು ಆ ನಂಬಿಕೆ ತಪ್ಪು. ಈ ಪದಗಳ ನಡುವಿನ ಅಂತರ ಪ್ರಮಾಣದ್ದಲ್ಲ. ಕೋಪಗೊಂಡವನ ಬುದ್ಧಿ ಅವನ ಕೈಯಲ್ಲಿದೆಯೇ, ಕೋಪ ಯಾರ ಪರವಾಗಿ ಬಂದದ್ದು, ಎಷ್ಟು ಕಾಲ ಉಳಿಯುವಂಥದ್ದು ಎಂಬ ಬೇರೆ ಬೇರೆ ಪ್ರಶ್ನೆಗಳಿಗೆ ಅವು ಉತ್ತರ ಕೊಡುತ್ತವೆ.

ರೇಜ್ ಎಂಬ ಪದದ ಮೂಲವಾದ ಲ್ಯಾಟಿನ್ ‘ರೇಬೀಸ್’ ಹುಚ್ಚುನಾಯಿ ಕಡಿತದಿಂದ ಬರುವ ರೋಗದ ಹೆಸರಾಗಿ ಕನ್ನಡಿಗರೆಲ್ಲರಿಗೂ ಪರಿಚಿತವಾಗಿದೆ. ಆದ್ದರಿಂದ ರೇಜ್ ಎಂದರೆ ಹೆಚ್ಚಿನ ಕೋಪ ಎನ್ನುವುದಕ್ಕಿಂತ, ತನ್ನ ಮೇಲೆ ತನಗೇ ಹಿಡಿತವಿಲ್ಲದ ಕೋಪ ಎನ್ನುವುದು ಸರಿ. ವಾಹನ ತಾಗಿತೆಂಬ ಕಾರಣಕ್ಕೆ ನಡುರಸ್ತೆಯಲ್ಲಿ ಕೈಮಾಡುವವನ ವರ್ತನೆಯನ್ನು ‘ರೋಡ್ ರೇಜ್’ ಎಂದು ಪತ್ರಿಕೆಗಳು ಕರೆಯುವಾಗ ಈ ಅರ್ಥವೇ ಕೆಲಸ ಮಾಡುತ್ತಿರುತ್ತದೆ. ಫ್ಯೂರಿ ಎಂಬುದು ರೋಮನ್ನರ ಸೇಡಿನ ದೇವತೆಗಳ ಹೆಸರಿನೊಡನೆ ನಂಟುಳ್ಳ ಪದ. ರಕ್ತಸಂಬಂಧಿಗಳನ್ನು ಕೊಂದವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಈ ದೇವತೆಗಳ ಕೋಪ ಕುರುಡಲ್ಲ, ಅದಕ್ಕೆ ಗುರಿಯಿದೆ, ಆದರೆ ತಡೆಯಿಲ್ಲ. ಬಿರುಗಾಳಿಗೂ ಕಾಳ್ಗಿಚ್ಚಿಗೂ ಫ್ಯೂರಿ ಸಲ್ಲುತ್ತದೆ. ರಾತ್ ಎಂಬುದು ಇಂದಿನ ಇಂಗ್ಲಿಷಿನಲ್ಲಿ ದೇವರಿಗೂ ರಾಜರಿಗೂ ಪುರಾಣದ ವೀರರಿಗೂ ಮೀಸಲಾದಂತಿರುವ ಪದವಾಗಿದ್ದು, ಮನೆಯ ಮಾತಿನಲ್ಲಿ ಅದನ್ನು ಬಳಸಿದರೆ ತಮಾಷೆಯಾಗುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ದೇವತೆಯಾಗಿಯೇ ಸ್ತುತಿಗೊಂಡಿರುವ, ಮನ್ಯುಸೂಕ್ತದ ಹೆಸರಿನಲ್ಲಿ ಇಂದಿಗೂ ಪಾರಾಯಣಗೊಳ್ಳುವ ‘ಮನ್ಯು’ವಿನ ಗಾಂಭೀರ್ಯ ಅದಕ್ಕೆ ಹತ್ತಿರದ್ದು.

ಇಂಡಿಗ್ನೇಷನ್ ಇವುಗಳಿಂದ ಪೂರಾ ಬೇರೆ. ಅನರ್ಹ, ಅಯೋಗ್ಯ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಇದು, ನಡೆಯಬಾರದ್ದು ನಡೆದಿದೆ ಎಂಬ ತೀರ್ಪನ್ನು ಒಡಲೊಳಗೆ ಇಟ್ಟುಕೊಂಡ ಕೋಪವಾಗಿದೆ. ತನ್ನ ಜೇಬಿಗಾಗಲಿ ಮೈಗಾಗಲಿ ಪೆಟ್ಟು ಬೀಳದವನೂ ಇನ್ನೊಬ್ಬನ ಪರವಾಗಿ ಇದನ್ನು ಅನುಭವಿಸಬಲ್ಲ. ಔಟ್‌ರೇಜ್‌ನೊಳಗೆ ರೇಜ್ ಅಡಗಿದೆ ಎಂದು ಓದುವವರಿಗೆ ತೋರುವುದು ಸಹಜವಾದರೂ ವ್ಯುತ್ಪತ್ತಿಯ ದೃಷ್ಟಿಯಿಂದ ಅದು ಕೇವಲ ಕಾಕತಾಳೀಯ: ‘ಆಚೆಗೆ’ ಎಂಬ ಅರ್ಥದ ಫ್ರೆಂಚ್ ಪದಕ್ಕೆ ಪ್ರತ್ಯಯ ಸೇರಿ ಅದು ಬಂದಿದ್ದು, ಮೇರೆ ಮೀರಿದ ಕೃತ್ಯ ಎಂಬುದೇ ಅದರ ಮೊದಲ ಅರ್ಥ. ಆ ಕೃತ್ಯವನ್ನು ಕಂಡವರಲ್ಲಿ ಹುಟ್ಟುವ ಭಾವಕ್ಕೂ ಅದೇ ಹೆಸರು ಸಂದದ್ದು ಆಮೇಲೆ. ರಿಸೆಂಟ್‌ಮೆಂಟ್ ಎಂದರೆ ಮೂಲದಲ್ಲಿ ‘ಮತ್ತೆ ಅನುಭವಿಸುವುದು’. ಆದ ಅನ್ಯಾಯವೊಂದನ್ನು ಮನಸ್ಸು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವುದರಿಂದ ಆರದೆ ಉಳಿದ ಕೋಪ ಅದು. ಅದಕ್ಕೆ ಏರುದನಿ ಬೇಕಿಲ್ಲ, ಕೆಂಗಣ್ಣು ಬೇಕಿಲ್ಲ. ಪಟ್ಟಿಯ ಮೊದಲಿಗಿರುವ ಆ್ಯಂಗರ್ ಕೂಡ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಅಳಲು, ಸಂಕಟ ಎಂಬ ಅರ್ಥದ್ದಾಗಿತ್ತು ಎಂಬುದನ್ನು ಗಮನಿಸಿದರೆ, ನೋವು ಮತ್ತು ಕೋಪ ಎಷ್ಟು ಹತ್ತಿರದ ನೆಂಟರು ಎಂಬುದು ತಿಳಿಯುತ್ತದೆ.

ಉಕ್ಕಿನ ಊರಾದ ಭದ್ರಾವತಿಯ ಓದುಗರಿಗೆ ಇಲ್ಲಿ ಟೆಂಪರ್ ಎಂಬ ಪದವನ್ನು ನೆನಪಿಸಬೇಕು. ಕಾಯಿಸಿ ತಟ್ಟನೆ ತಣಿಸಿದ ಉಕ್ಕು ಗಡುಸಾಗಿಯೂ ಸುಲಭವಾಗಿ ಮುರಿಯುವಂತೆಯೂ ಇರುವುದರಿಂದ, ಅದನ್ನು ಮತ್ತೆ ಕಡಿಮೆ ಉಷ್ಣತೆಗೆ ಕಾಯಿಸಿ ಪೆಡಸುತನ ಕಳೆಯುವ ಕ್ರಿಯೆಗೆ ಟೆಂಪರಿಂಗ್ ಎನ್ನುತ್ತಾರೆ. ಮೂಲ ಲ್ಯಾಟಿನ್ ಧಾತುವಿಗೆ ತಕ್ಕ ಪ್ರಮಾಣದಲ್ಲಿ ಬೆರೆಸು ಎಂಬ ಅರ್ಥವಿದ್ದು, ಮನುಷ್ಯನ ದೇಹದೊಳಗಿನ ರಸಗಳ ಸಮತೋಲವೂ ಇದೇ ಪದದಿಂದ ಸೂಚಿತವಾಗುತ್ತಿತ್ತು. ಹಾಗಾಗಿ ಇಂಗ್ಲಿಷಿನವರು ಟೆಂಪರ್ ಕಳೆದುಕೊಂಡರು ಎಂದಾಗ ಕಳೆದುಹೋಗುವುದು ಹದ, ಕೋಪವಲ್ಲ. ಕಾಲ ಕಳೆದಂತೆ ಇಂಗ್ಲಿಷಿನಲ್ಲಿಯೇ ಆ ಪದ ಕೋಪಕ್ಕೆ ಹೆಸರಾಯಿತು, ಕನ್ನಡದ ಆಡುಮಾತಿಗೆ ಬಂದದ್ದೂ ಆ ಅರ್ಥದಲ್ಲಿಯೇ. ‘ಪಿತ್ತ ನೆತ್ತಿಗೇರಿತು’ ಎಂಬ ಕನ್ನಡದ ನುಡಿಗಟ್ಟು ಕೂಡ ಇಂಥದೇ ವೈದ್ಯಶಾಸ್ತ್ರದ ಪಳೆಯುಳಿಕೆಯಾಗಿದ್ದು, ಗ್ರೀಕರ ವೈದ್ಯವೂ ಸಿಡುಕು ಸ್ವಭಾವಕ್ಕೆ ಪಿತ್ತವನ್ನೇ ಹೊಣೆ ಮಾಡಿತ್ತು ಎಂಬುದು ಕುತೂಹಲದ ಸಂಗತಿ.

ಇಷ್ಟು ಸೂಕ್ಷ್ಮ ಭೇದಗಳು ಕನ್ನಡದಲ್ಲಿ ಇಲ್ಲವೇ ಎಂಬ ಪ್ರಶ್ನೆಗೆ ಸಿಗುವ ಮೊದಲ ಉತ್ತರ ಸಂಸ್ಕೃತದ ಕಡೆಯಿಂದ ಬರುತ್ತದೆ. ಕೋಪಕ್ಕೆ ಮೂಲವಾದ ‘ಕುಪ್’ ಧಾತುವಿನ ಅರ್ಥ ಕಲಕಿ ಕೆರಳುವುದು. ಆಯುರ್ವೇದದಲ್ಲಿ ದೋಷಗಳು ‘ಪ್ರಕೋಪ’ಗೊಳ್ಳುವುದು, ಕಾಯಿಲೆ ‘ವಿಕೋಪಕ್ಕೆ ಹೋಗುವುದು’, ನೆರೆ ಬಂದಾಗ ‘ಪ್ರಕೃತಿ ವಿಕೋಪ’ ಎನ್ನುವುದು ಆ ಅರ್ಥದ ಮುಂದುವರಿಕೆಗಳು. ಭರತನ ನಾಟ್ಯಶಾಸ್ತ್ರವು ಕ್ರೋಧವನ್ನು ರೌದ್ರರಸದ ಸ್ಥಾಯಿಭಾವವೆಂದು, ಅಂದರೆ ನಾಟ್ಯದುದ್ದಕ್ಕೂ ನೆಲೆ ನಿಂತು ರಸವಾಗಿ ಮಾಗುವ ಮೂಲಭಾವವೆಂದು ಹೇಳಿ, ಅಮರ್ಷ, ಉಗ್ರತೆ, ಅಸೂಯೆಗಳನ್ನು ಬಂದುಹೋಗುವ 33 ವ್ಯಭಿಚಾರಿಭಾವಗಳ ಸಾಲಿಗೆ ಸೇರಿಸುತ್ತದೆ. ಇವುಗಳಲ್ಲಿ ಅಮರ್ಷದ ವಿವರಣೆ ವಿಶೇಷವಾಗಿ ಗಮನಾರ್ಹ: ವಿದ್ಯೆಯಲ್ಲಿ, ಐಶ್ವರ್ಯದಲ್ಲಿ, ಬಲದಲ್ಲಿ ತನಗಿಂತ ಮೇಲಿರುವವರಿಂದ ಅವಮಾನಿತನಾದವನ ಅಸಹನೆ ಅದು. ಮೇಲಿನವನು ಕೆಳಗಿನವನ ಮೇಲೆ ತೋರುವ ಕೋಪಕ್ಕೂ ಕೆಳಗಿನವನೊಳಗೆ ಕುದಿಯುವ ಕೋಪಕ್ಕೂ ಒಂದೇ ಹೆಸರು ಸಾಲದು ಎಂದು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಪರಂಪರೆಯೊಂದು ಕಂಡುಕೊಂಡಿತ್ತು ಎಂಬುದು ಸಣ್ಣ ಮಾತಲ್ಲ. ಇಂಥ ಪದವನ್ನು ಇಂದಿನ ಕನ್ನಡ ಬರಹ ಕೈಬಿಟ್ಟಿರುವುದು ನಷ್ಟವೇ ಸರಿ. ಪಂಚಾಂಗವೂ ಈ ವಿಷಯದಲ್ಲಿ ಜಿಪುಣತನ ತೋರಿಲ್ಲ: 60 ಸಂವತ್ಸರಗಳಲ್ಲಿ ಕ್ರೋಧಿ, ರೌದ್ರಿ, ರಕ್ತಾಕ್ಷಿ, ಕ್ರೋಧನ ಎಂಬ ನಾಲ್ಕು ಹೆಸರುಗಳು ಕೋಪದವೇ ಆಗಿದ್ದು, ಕ್ರೋಧಿ ಎಂದರೆ ಕ್ರೋಧವುಳ್ಳವನಾದರೆ ಕ್ರೋಧನ ಎಂದರೆ ಕ್ರೋಧವೇ ಸ್ವಭಾವವಾದವನು. ಆ ಸಾಲಿನ ರಕ್ತಾಕ್ಷಿ ಎಂಬ ಹೆಸರೇ, ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಶಿವಮೊಗ್ಗ ಜಿಲ್ಲೆಯದೇ ಆದ ಬಿದನೂರಿನ ಅರಮನೆಗೆ ತಂದು ಕುವೆಂಪು ರಚಿಸಿದ ನಾಟಕದ ಶೀರ್ಷಿಕೆಯೂ ಆಗಿದೆ.

ಆದರೆ ಅಚ್ಚಕನ್ನಡದ ಪದಗಳ ಕಡೆ ತಿರುಗಿದಾಗ ಸಂಗತಿ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಸಿಡುಕು ಸ್ವಭಾವವನ್ನು ಹೇಳಿದರೆ, ರೇಗುವುದು ಹೆಚ್ಚಾಗಿ ತನಗಿಂತ ಕಿರಿಯರ ಮೇಲೋ ಕೈಕೆಳಗಿನವರ ಮೇಲೋ ನಡೆಯುತ್ತದೆ. ಕೆರಳಲು ಹೊರಗಿನಿಂದ ಯಾರಾದರೂ ಕೆಣಕಬೇಕು. ರೊಚ್ಚಿಗೇಳುವುದಕ್ಕೆ ಸಾಮಾನ್ಯವಾಗಿ ಗುಂಪು ಬೇಕು. ರೋಷ ಎಂಬ ಸಂಸ್ಕೃತ ಪದ ಕನ್ನಡದ ಮಣ್ಣಿನಲ್ಲಿ ಸ್ವಾಭಿಮಾನದ ಬಣ್ಣ ಪಡೆದುಕೊಂಡಿರುವುದರಿಂದ, ಸಿಟ್ಟಿಲ್ಲದವನನ್ನು ಜನ ಹೊಗಳಿದರೂ ರೋಷವಿಲ್ಲದವನನ್ನು ತೆಗಳುತ್ತಾರೆ. ಹಳಗನ್ನಡದ ‘ಮುನಿ’ ಎಂಬ ಕ್ರಿಯಾಪದದಿಂದ ಬಂದ ಮುನಿಸು ಮಾತ್ರ ಇವೆಲ್ಲವುಗಳಿಗಿಂತ ಬೇರೆ ಜಾತಿಯದು. ಹಿಂದೆ ಯಾವ ಕೋಪಕ್ಕೂ ಸಲ್ಲುತ್ತಿದ್ದ ಅದು ಇಂದು ಸಂಬಂಧವಿದ್ದವರ ನಡುವೆ ಮಾತ್ರ ಸಾಧ್ಯವಾಗುವ ಕೋಪಕ್ಕೆ ಹೆಸರಾಗಿದೆ. ಗಂಡಹೆಂಡಿರು, ಅಣ್ಣತಮ್ಮಂದಿರು, ಒಂದೇ ಪಕ್ಷದ ನಾಯಕರು ಮುನಿಸಿಕೊಳ್ಳಬಹುದು, ಅಪರಿಚಿತ ದಾರಿಹೋಕನ ಮೇಲೆ ಯಾರೂ ಮುನಿಸಿಕೊಳ್ಳಲಾರರು. ಮುನಿಸು ಮೇಲೆ ಬೀಳುವುದಿಲ್ಲ, ದೂರ ಸರಿಯುತ್ತದೆ. ಮಲೆನಾಡಿನಲ್ಲಿ ಮುಂಗಾರು ಕೈಕೊಟ್ಟಾಗ ಮಳೆರಾಯ ಮುನಿಸಿಕೊಂಡನೆಂದೂ, ತುಂಗೆ ದಡ ಮೀರಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ನದಿ ರೌದ್ರಾವತಾರ ತಾಳಿತೆಂದೂ ಪತ್ರಿಕೆಗಳು ಬರೆಯುವುದು ಈ ಭೇದವನ್ನು ಅರಿತೇ. ಮುನಿಸಿಗೆ ಸರಿಸಮನಾದ ಪದ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ. ಅಲ್ಲಿರುವ ಹತ್ತಿರದ ಪದಗಳೆಲ್ಲ ಮುನಿಸಿಕೊಂಡವರನ್ನು ಚಿಕ್ಕಮಕ್ಕಳಂತೆ ಕಾಣುತ್ತವೆ, ಕನ್ನಡದ ಮುನಿಸಿಗೆ ಅಂಥ ಕೀಳು ಧ್ವನಿಯಿಲ್ಲ.

ಆದರೂ ಕನ್ನಡದ ನಿಜವಾದ ಬಲ ಈ ನಾಮಪದಗಳಲ್ಲಿ ಇಲ್ಲ. ಇಂಗ್ಲಿಷ್ ಏಳು ನಾಮಪದಗಳಲ್ಲಿ ಹಂಚಿಟ್ಟ ಭೇದವನ್ನು ಕನ್ನಡದ ಆಡುಮಾತು ‘ಸಿಟ್ಟು’ ಎಂಬ ಒಂದೇ ನಾಮಪದವನ್ನು ಇಟ್ಟುಕೊಂಡು, ಅದರ ಪಕ್ಕದ ಕ್ರಿಯಾಪದವನ್ನು ಬದಲಿಸುತ್ತ ಹೇಳಿಬಿಡುತ್ತದೆ. ‘ಅವನಿಗೆ ಸಿಟ್ಟು ಬಂತು’ ಎಂಬಲ್ಲಿ ಸಿಟ್ಟೇ ಕರ್ತೃ, ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುವವನು. ಕರೆಯದೆ ಬಂದದ್ದಕ್ಕೆ ಅವನನ್ನು ಪೂರ್ತಿ ಹೊಣೆ ಮಾಡಲಾಗದು. ‘ಸಿಟ್ಟಾದ’ ಎಂದಾಗ ಮನುಷ್ಯ ಕರ್ತೃವಿನ ಸ್ಥಾನಕ್ಕೆ ಬರುತ್ತಾನೆ. ‘ಸಿಟ್ಟು ಮಾಡಿದರು’ ಎಂದರೆ ಎದುರಿಗಿದ್ದವರನ್ನು ಬೈದರು ಎಂಬ ಅರ್ಥ, ‘ಸಿಟ್ಟು ಮಾಡಿಕೊಂಡರು’ ಎಂದರೆ ಬೈಯದೆ ಒಳಗೇ ಸೇರಿಸಿಕೊಂಡು ಮಾತು ಬಿಟ್ಟರು ಎಂಬ ಅರ್ಥ. ಕ್ರಿಯೆಯ ಫಲವನ್ನು ಮಾಡಿದವನ ಕಡೆಗೇ ತಿರುಗಿಸುವ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೊಂದು ಸೇರಿದ ಮಾತ್ರಕ್ಕೆ ಕೋಪದ ದಿಕ್ಕೇ ಬದಲಾಗುತ್ತದೆ. ‘ಸಿಟ್ಟಿಗೆದ್ದ’ ಎಂದರೆ ತಾಳ್ಮೆಯ ಕಟ್ಟೆ ಒಡೆದು ಏನಾದರೂ ಮಾಡಲು ಹೊರಟವನು. ‘ಸಿಟ್ಟು ತೀರಿಸಿಕೊಂಡ’ ಎಂಬಲ್ಲಿ ಸಿಟ್ಟು ಸಾಲದಂತೆ ಲೆಕ್ಕಕ್ಕೆ ಬಂದು ಚುಕ್ತಾ ಆಗುತ್ತದೆ. ‘ಸಿಟ್ಟು ನುಂಗಿಕೊಂಡ’ ಎನ್ನುವಾಗ ಅವನಿಗೆ ಬೇರೆ ದಾರಿಯಿರಲಿಲ್ಲ ಎಂಬ ಸುಳಿವು ಇರುತ್ತದೆ. ‘ಸಿಟ್ಟು ಇಟ್ಟುಕೊಂಡಿದ್ದಾನೆ’ ಎಂಬ ಮಾತಿನಲ್ಲಿ ಘಟನೆ ಮುಗಿದು ಕಾಲವಾಗಿದೆ, ಸಿಟ್ಟು ಮಾತ್ರ ಮನೆಯ ಒಂದು ವಸ್ತುವಿನಂತೆ ಉಳಿದಿದೆ. ರಿಸೆಂಟ್‌ಮೆಂಟ್ ಎಂಬ ಪದಕ್ಕೆ ನಿಘಂಟಿನಲ್ಲಿ ಎಷ್ಟು ತಡಕಿದರೂ ಸಿಗದ ಸಮಾನಾರ್ಥಕ ಈ ‘ಇಟ್ಟುಕೊಳ್ಳು’ವಿನಲ್ಲಿದೆ. ಒಂದು ನಾಮಪದಕ್ಕೆ ಇನ್ನೊಂದು ನಾಮಪದವನ್ನೇ ಹುಡುಕುವ ವಿದ್ಯಾರ್ಥಿಯೂ ಅನುವಾದಕನೂ ಸೋಲುವುದು ಇಲ್ಲಿಯೇ.

ಶಿವಮೊಗ್ಗ ಜಿಲ್ಲೆಯ ಇತಿಹಾಸದ ಮೂರು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಭೇದ ಇನ್ನಷ್ಟು ಖಚಿತವಾಗುತ್ತದೆ. 1942ರ ಚಲೇಜಾವ್ ಚಳವಳಿಯ ಕಾಲದಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರನ್ನು ಸ್ವತಂತ್ರವೆಂದು ಸಾರಿಕೊಂಡರು; ಸೆಪ್ಟೆಂಬರಿನಲ್ಲಿ ಊರಿಗೆ ಬಂದ ಅಧಿಕಾರಿಗಳೊಡನೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು, 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಸ್ವಾತಂತ್ರ್ಯ ಸಾರಿಕೊಂಡ ದಿನಗಳ ಭಾವವೂ ಘರ್ಷಣೆಯ ದಿನದ ಭಾವವೂ ಒಂದೇ ಅಲ್ಲ. ಮೊದಲನೆಯದು ಭರತನ ಲೆಕ್ಕದಲ್ಲಿ ವೀರರಸಕ್ಕೆ ಮೂಲವಾದ ಉತ್ಸಾಹ, ಎರಡನೆಯದು ಜನ ರೊಚ್ಚಿಗೆದ್ದ ಗಳಿಗೆ, ಇಂಗ್ಲಿಷಿನವರ ಫ್ಯೂರಿ. ಈಸೂರಿನ ಬಗ್ಗೆ ಬರೆಯುವವರು ಎರಡನ್ನೂ ಒಂದೇ ‘ಆಕ್ರೋಶ’ದಲ್ಲಿ ಮುಳುಗಿಸಿದಾಗ ಆ ಊರಿನವರ ರಾಜಕೀಯ ಪ್ರಜ್ಞೆ ಕಣ್ಮರೆಯಾಗಿ ದೊಂಬಿಯಷ್ಟೇ ಉಳಿದುಬಿಡುತ್ತದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ಗೇಣಿದಾರರ ಸತ್ಯಾಗ್ರಹದ ಸ್ವರೂಪ ಬೇರೆ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗೆಗಿನ ತಕರಾರು ಅಲ್ಲಿನ ಜಗಳದ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು, ಅಳತೆಯೇ ಅನ್ಯಾಯದ್ದು ಎಂಬುದು ಗೇಣಿದಾರರ ವಾದ. ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳ ಬೆಂಬಲದಲ್ಲಿ ನಡೆದ ಈ ಹೋರಾಟಕ್ಕೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು. ಅಳತೆ ಸರಿಯಿಲ್ಲ ಎಂಬ ತೀರ್ಪಿನಿಂದ ಹುಟ್ಟಿ, ಕೈಯೆತ್ತದೆ, ಸರತಿಯಲ್ಲಿ ಜೈಲಿಗೆ ನಡೆದ ಕೋಪ ಅದಾಗಿತ್ತು. ಸ್ವಂತ ಗೇಣಿಯ ಕಷ್ಟವಿಲ್ಲದ ದೂರದೂರುಗಳ ಜನರೂ ಅದರಲ್ಲಿ ಪಾಲುಗೊಂಡರು. ಇಂಡಿಗ್ನೇಷನ್ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಇಂಗ್ಲಿಷ್ ನಿಘಂಟುಕಾರರೂ ಕೊಡಲಾರರು. ಇಂಥ ಕೋಪವನ್ನು ಹೆಸರಿಸಲು ಆಧುನಿಕ ಕನ್ನಡ ‘ಸಾತ್ವಿಕ ಸಿಟ್ಟು’ ಎಂಬ ಮಾತನ್ನು ರೂಢಿಸಿಕೊಂಡಿದೆ, ಗೋಪಾಲಗೌಡರಂಥವರ ಬಗ್ಗೆ ಬರೆಯುವಾಗ ಅದು ಪದೇ ಪದೇ ಬಳಕೆಯಾಗುತ್ತದೆ. ಕ್ರೋಧವು ರಜೋಗುಣದಿಂದ ಹುಟ್ಟುವಂಥದ್ದು ಎಂದು ಭಗವದ್ಗೀತೆ ಸಾರುವುದರಿಂದ, ಶಾಸ್ತ್ರದ ಕಣ್ಣಿನಲ್ಲಿ ಸಾತ್ವಿಕವಾದ ಕ್ರೋಧ ಎಂಬುದು ವಿರೋಧಾಭಾಸ. ದೇಹದ ಕೋಪವನ್ನೂ ಮನಸ್ಸಿನ ಕೋಪವನ್ನೂ ಬೇರ್ಪಡಿಸಿ ಅವು ಮಾಡುವ ಕೇಡನ್ನು ವಿವರಿಸಿದ ಬಸವಣ್ಣನವರ ವಚನವೂ ಕೋಪಕ್ಕೆ ವಿನಾಯಿತಿ ಕೊಡುವುದಿಲ್ಲ. ಹಾಗಿದ್ದರೂ ಈ ಜೋಡಿಪದ ಬೇಕಾಯಿತು, ಏಕೆಂದರೆ ಇನ್ನೊಬ್ಬರ ಪರವಾಗಿ ಬರುವ ಕೋಪವನ್ನು ದೋಷವೆಂದು ಕರೆಯಲು ಚಳವಳಿಗಳನ್ನು ಕಂಡ ಸಮಾಜಕ್ಕೆ ಸಾಧ್ಯವಾಗಲಿಲ್ಲ.

ಭದ್ರಾವತಿಯದು ಮೂರನೆಯ ಬಗೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೈಸೂರು ಸಂಸ್ಥಾನದ ಕಾಲದಲ್ಲಿ ರೂಪುಗೊಂಡು, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲಿನ ಬಲದಿಂದ 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಕಾರ್ಖಾನೆ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯಾದ ಸೇಲ್‌ನಲ್ಲಿ ವಿಲೀನವಾಯಿತು. 1936ರಲ್ಲಿ ಸ್ಥಾಪನೆಯಾಗಿ ಮುಂದೆ ದಿನಪತ್ರಿಕೆಗಳ ಕಾಗದಕ್ಕೆ ಹೆಸರಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಅದರ ನೂರನೆಯ ವರ್ಷದಲ್ಲಿಯೇ, ಹೊರಬಿದ್ದಾಗ ಕಾಯಂ ನೌಕರರೂ ಗುತ್ತಿಗೆ ಕಾರ್ಮಿಕರೂ ಧರಣಿಗೆ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ಪಾದನೆ ಭಾಗಶಃ ಮತ್ತೆ ಆರಂಭವಾಯಿತು. ಖಾಸಗೀಕರಣ, ಬಂಡವಾಳ ಹಿಂತೆಗೆತ, ಸ್ವಂತ ಗಣಿಯ ಭರವಸೆ, ಪುನಶ್ಚೇತನದ ಘೋಷಣೆ ಎಂಬ ಮಾತುಗಳನ್ನು ದಶಕಗಳಿಂದ ಚುನಾವಣೆಯಿಂದ ಚುನಾವಣೆಗೆ ಕೇಳುತ್ತ ಬಂದ ಊರಿನ ಮನಸ್ಸಿನಲ್ಲಿರುವುದು ಸಿಟ್ಟು ‘ಬಂದ’ ಸ್ಥಿತಿಯಲ್ಲ, ‘ಇಟ್ಟುಕೊಂಡ’ ಸ್ಥಿತಿ. ಪ್ರತಿ ಹೊಸ ಘೋಷಣೆಯೂ ಹಳೆಯ ಗಾಯವನ್ನು ಮುಟ್ಟುತ್ತದೆ. ಇದನ್ನು ‘ಕಾರ್ಮಿಕರು ಸಿಟ್ಟಿಗೆದ್ದರು’ ಎಂದು ಒಂದು ದಿನದ ಸುದ್ದಿಯಾಗಿ ಬರೆದರೆ, ಅಷ್ಟು ವರ್ಷಗಳ ಲೆಕ್ಕ ಓದುಗನಿಗೆ ತಲುಪುವುದೇ ಇಲ್ಲ.

ಇನ್ನು ಆ ‘ಆಕ್ರೋಶ’. ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಚರಂಡಿಯ ಹೂಳು ತೆಗೆಯದಿದ್ದರೂ ಆಕ್ರೋಶ, ಬಸ್ಸು ತಡವಾದರೂ ಆಕ್ರೋಶ, ಮಗುವಿನ ಮೇಲೆ ದೌರ್ಜನ್ಯ ನಡೆದರೂ ಆಕ್ರೋಶ. ಸಂಸ್ಕೃತದಲ್ಲಿ ‘ಕ್ರುಶ್’ ಎಂದರೆ ಕೂಗು. ಕೂಗು ಕೇಳಿಸುವಷ್ಟು ದೂರಕ್ಕೆ ‘ಕ್ರೋಶ’ ಎಂಬ ಅಳತೆಯ ಹೆಸರೂ ಬಂತು. ಆಕ್ರೋಶ ಎಂದರೆ ಒಬ್ಬರನ್ನು ಉದ್ದೇಶಿಸಿ ಕೂಗಿ ಬೈಯುವುದು. ಜೈನ ಶಾಸ್ತ್ರವು ಮುನಿಯಾದವನು ಸಹಿಸಬೇಕಾದ 22 ಪರೀಷಹಗಳಲ್ಲಿ, ಅಂದರೆ ಕಷ್ಟಗಳಲ್ಲಿ, ‘ಆಕ್ರೋಶ’ವನ್ನೂ ಎಣಿಸುತ್ತದೆ, ಅಲ್ಲಿ ಅದು ಮುನಿಯ ಕೋಪವಲ್ಲ, ಅವನ ಕಿವಿಗೆ ಬೀಳುವ ಪರರ ಬೈಗುಳ. ಹೊಂಬುಜದಂಥ ಜೈನಕೇಂದ್ರವಿರುವ ಜಿಲ್ಲೆಯಲ್ಲಿ ಈ ಹಳೆಯ ಅರ್ಥ ಶ್ರಾವಕರಿಗೆ ಅಪರಿಚಿತವಿರಲಾರದು. ಕೇಳಿಸಿಕೊಳ್ಳುವ ಬೈಗುಳಕ್ಕೆ ಇದ್ದ ಹೆಸರು ಅನುಭವಿಸುವ ಕೋಪಕ್ಕೆ ಬಂದಿರುವುದರಲ್ಲಿ ತಪ್ಪೇನೂ ಇಲ್ಲ, ಪದಗಳು ಹೀಗೆಯೇ ಬೆಳೆಯುತ್ತವೆ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಘೋಷಣೆ ಕೂಗುವವರ ವಿಷಯದಲ್ಲಿ ಅದು ಹಳೆಯ ಅರ್ಥದಿಂದಲೂ ಸರಿಯಾಗಿಯೇ ಇದೆ. ತಕರಾರು ಇರುವುದು, ಬಾಯಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಮೌನವಾಗಿ ನಡೆದವರ ಮೆರವಣಿಗೆಗೂ ಅದೇ ಶೀರ್ಷಿಕೆ ಬಿದ್ದಾಗ. ಎಲ್ಲಕ್ಕೂ ಸಲ್ಲುವ ಪದ ಯಾವುದನ್ನೂ ಸುಡುವುದಿಲ್ಲ, ಮತ್ತು ಚರಂಡಿಗೆ ಖರ್ಚಾದ ಪದವನ್ನು ದೌರ್ಜನ್ಯದ ಸುದ್ದಿಗೆ ಮತ್ತೆ ಬಳಸುವಾಗ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಅಸಮಾಧಾನ, ತಕರಾರು, ಖಂಡನೆ, ಬೇಸರ, ಕಿಡಿ ಕಾರುವುದು, ಹರಿಹಾಯುವುದು, ತರಾಟೆಗೆ ತೆಗೆದುಕೊಳ್ಳುವುದು ಎಂಬ ಎಷ್ಟೋ ಮಾತುಗಳು ಸುದ್ದಿಮನೆಯ ಕೈಗೆಟುಕುವಲ್ಲಿಯೇ ಇವೆ. ಅವುಗಳಲ್ಲಿ ಕೆಲವು ಕೂಡ ಸವೆಯುತ್ತಿವೆ ಎಂಬುದು ಬೇರೆ ಮಾತು.

ಮಲೆನಾಡಿನ ಮನೆಗಳಲ್ಲಿ ಹಿರಿಯರ ಬಾಯಲ್ಲಿರುವ ಸಿಟ್ಟಿನ ಕ್ರಿಯಾಪದಗಳನ್ನು, ಅವು ಬಳಕೆಯಾಗುವ ಸಂದರ್ಭದ ಸಮೇತ ಸಂಗ್ರಹಿಸುವ ಕೆಲಸವನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳ ವಿದ್ಯಾರ್ಥಿಗಳು ಸೇರಿ ಕೈಗೆತ್ತಿಕೊಂಡರೆ, ಇಂಗ್ಲಿಷ್ ಕಲಿಸುವವರಿಗೂ ಅನುವಾದಕರಿಗೂ ಉಪಸಂಪಾದಕರಿಗೂ ನೆರವಾಗುವ ಕೈಪಿಡಿಯೊಂದು ಸಿದ್ಧವಾಗುತ್ತದೆ. ಓದುಗರೂ ತಮ್ಮ ಮನೆಯಲ್ಲಿ, ಕೇರಿಯಲ್ಲಿ, ಕಾರ್ಖಾನೆಯ ಕಾಲೊನಿಯಲ್ಲಿ ಕೇಳಿಬರುವ ಇಂಥ ಪ್ರಯೋಗಗಳನ್ನು ಬರೆದಿಟ್ಟುಕೊಂಡು ಸಂಗ್ರಹಕಾರರಿಗೆ ಒದಗಿಸಬೇಕು.